ಕರೆಂಟು ಮೀನಿಗೆ ಕೊಡಗಿನ ನೀರು

ಪ್ರಶ್ನೆ: ಬ್ಲ್ಯಾಕ್ ಘೋಸ್ಟ್ ಮೀನು ತಂದು ಹದಿನೈದು ದಿನವಾಯಿತು. 60 ಲೀಟರಿನ ತೊಟ್ಟಿ. ಹಗಲೆಲ್ಲ ಹೀಟರಿನ ಹಿಂದೆ ಅಡಗಿರುತ್ತದೆ, ಕಾಳು ಹಾಕಿದರೆ ಮುಟ್ಟುವುದಿಲ್ಲ. ಕಾಯಿಲೆಯೇ?
– ಓದುಗರು, ಮಡಿಕೇರಿ

ಉತ್ತರ: ಅದು ಇರುಳು ಮೀನು. ಕತ್ತಲಲ್ಲಿ ತನ್ನ ಮೈಯಿಂದ ಹೊರಡುವ ಸಣ್ಣ ಕರೆಂಟಿನ ನೆರವಿನಿಂದಲೇ ದಾರಿಯನ್ನೂ ಹುಳವನ್ನೂ ಹುಡುಕುತ್ತದೆ. ಮೈಮೇಲೆ ಹುರುಪೆಯಿಲ್ಲದ್ದರಿಂದ ಹೀಟರಿಗೆ ಒರಗಿದರೆ ಚರ್ಮ ಸುಡುತ್ತದೆ. ಮೊದಲು ಹೀಟರಿಗೊಂದು ಪ್ಲಾಸ್ಟಿಕ್ ಜಾಲರಿ ಹಾಕಿ. ಅಡಗಲು ಒಂದೂವರೆ ಇಂಚಿನ ಪಿವಿಸಿ ಪೈಪಿನ ತುಂಡು ಸಾಕು, ಕೊಯ್ದ ಅಂಚನ್ನು ಉಜ್ಜಿ ನುಣುಪು ಮಾಡಿರಬೇಕು. ದೀಪ ಆರಿಸಿ ಅರ್ಧ ಗಂಟೆ ಬಿಟ್ಟು, ಕರಗಿಸಿದ ಫ್ರೋಜನ್ ಬ್ಲಡ್‌ವರ್ಮ್ (ಮೀನಿನ ಮೇವಿನ ಕೆಂಪು ಹುಳ) ಅನ್ನು ಡ್ರಾಪರಿನಲ್ಲಿ ಪೈಪಿನ ಬಾಯಿಗೇ ಬಿಡಿ. ತಿನ್ನದಿದ್ದರೆ ಆಗ ಚಿಂತೆ ಮಾಡೋಣ. ಇನ್ನೊಂದು ಮಾತು: ಇದು ಒಂದಡಿ ಮೀರಿ ಬೆಳೆಯುವ ಮೀನು. ಐದಡಿ ಉದ್ದ, ಎರಡಡಿ ಅಗಲದ ತೊಟ್ಟಿಗೆ ಮನೆಯಲ್ಲಿ ಜಾಗವಿಲ್ಲದಿದ್ದರೆ ಈಗಲೇ ಅಂಗಡಿಗೆ ಹಿಂತಿರುಗಿಸುವುದು ಲೇಸು.

ಪ್ರಶ್ನೆ: ಜೂನ್ ಮೊದಲ ಮಳೆಗೆ ಹಂಚಿನ ನೀರು ಹಿಡಿದು ಅರ್ಧ ತೊಟ್ಟಿ ಬದಲಿಸಿದೆ. ಮರುದಿನವೇ ಎಲಿಫೆಂಟ್ ನೋಸ್ (ಇದೂ ಕರೆಂಟು ಮೀನೇ) ಎರಡೂ ಸತ್ತವು. ಕ್ಲೋರಿನ್ ತೆಗೆಯುವ ಹನಿಯನ್ನೂ ಹಾಕಿದ್ದೆ.
– ಓದುಗರು, ನಾಪೋಕ್ಲು

ಉತ್ತರ: ನಿಮ್ಮ ಮನೆ ತೋಟದ ನಡುವೆ ಇದ್ದು, ಮಳೆಗೆ ಮುಂಚೆ ಕಾಫಿಗೋ ಮೆಣಸಿಗೋ ಬೋರ್ಡೋ ದ್ರಾವಣ ಹೊಡೆದಿದ್ದರೆ ಮೊದಲ ಅನುಮಾನ ಅದರ ಮೇಲೆಯೇ. ಶೇ. 1ರ ಬೋರ್ಡೋ ಎಂದರೆ 100 ಲೀಟರಿಗೆ 1 ಕೆಜಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಗಾಳಿಗೆ ಹಾರಿ ಹಂಚಿನ ಮೇಲೆ ಕೂತದ್ದು ಮೊದಲ ಮಳೆಗೆ ತೊಳೆದು ಬರುತ್ತದೆ. ಮಳೆನೀರಿನಂಥ ಮೆದು (ಲವಣ ಕಡಿಮೆಯಿರುವ) ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ಕ್ಲೋರಿನ್ ಹನಿಗೆ ಅದು ಬಗ್ಗುವುದಿಲ್ಲ. ಬಾವಿ ನೀರನ್ನೇ ಬಳಸಿ, ಒಮ್ಮೆಗೆ ಕಾಲು ಭಾಗಕ್ಕಿಂತ ಹೆಚ್ಚು ಬದಲಿಸಬೇಡಿ.

ತಾಮ್ರದಿಂದ ಪಾರಾದರೂ ಬರೀ ಮಳೆನೀರು ತೊಟ್ಟಿಗೆ ಒಳ್ಳೆಯದಲ್ಲ. ಫಿಲ್ಟರಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ಅರಗಿಸುವಾಗ ನೀರಿನ ಕಾರ್ಬೊನೇಟ್ ಖರ್ಚಾಗುತ್ತದೆ. ಮೆದು ನೀರಿನಲ್ಲಿ ಅದು ಇರುವುದೇ ಚೂರು. ಮುಗಿದೊಡನೆ ಪಿಎಚ್ 6ರ ಕೆಳಗೆ ಜಾರಿ ಬ್ಯಾಕ್ಟೀರಿಯಾ ಮಂಕಾಗುತ್ತವೆ. 100 ಲೀಟರಿಗೆ ಒಂದು ಹಿಡಿ ತೊಳೆದ ಕಪ್ಪೆಚಿಪ್ಪಿನ ಚೂರನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗಿಡಿ. ಕೆಎಚ್ (ನೀರಿನ ಕಾರ್ಬೊನೇಟಿನ ಅಳತೆ) 3–4 ಇದ್ದರೆ ಸಾಕು. ಪಿಎಚ್ ಆಗಲೇ ಇಳಿದಿದ್ದರೆ ಅಡುಗೆ ಸೋಡಾ ಸುರಿದು ಎತ್ತಲು ಹೋಗಬೇಡಿ. ಆಮ್ಲದ ನೀರಿನಲ್ಲಿ ಅಷ್ಟು ತೊಂದರೆ ಕೊಡದಿದ್ದ ಅಮೋನಿಯಂ ಪಿಎಚ್ ಏರಿದೊಡನೆ ವಿಷದ ಅಮೋನಿಯಾ ಆಗುತ್ತದೆ. ದಿನಕ್ಕೆ ಹತ್ತನೇ ಒಂದು ಭಾಗದಂತೆ ವಾರವಿಡೀ ಬದಲಿಸಿ.

ಹೊಸದಾಗಿ ಎಲಿಫೆಂಟ್ ನೋಸ್ ತರುವುದಾದರೆ ಎರಡು ಬೇಡ. ಬಲವಾದದ್ದು ಇನ್ನೊಂದನ್ನು ಮೂಲೆಗೊತ್ತಿ ಕೊಲ್ಲುತ್ತದೆ. ಒಂದೋ, ಇಲ್ಲವೇ ದೊಡ್ಡ ತೊಟ್ಟಿಯಲ್ಲಿ ಐದಾರೋ. ತಳಕ್ಕೆ ನುಣ್ಣನೆಯ ಮರಳೇ ಆಗಬೇಕು. ಸೊಂಡಿಲಿನಂತೆ ಕಾಣುವುದು ಅದರ ಗದ್ದ. ಜಲ್ಲಿಕಲ್ಲಿಗೆ ತಾಗಿ ಗಾಯವಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಹೀಟರಿನ ಗತಿ?
– ಓದುಗರು, ವಿರಾಜಪೇಟೆ

ಉತ್ತರ: ಚಳಿಗಿಂತ ಮೊದಲು ಉಸಿರು. ಬ್ಯಾಟರಿ ಏರ್ ಪಂಪ್ ಹಚ್ಚಿ, ಮೇವು ನಿಲ್ಲಿಸಿ. ಮೂರು ಬದಿಗೆ ಥರ್ಮೋಕೋಲ್ ಕಟ್ಟಿ, ಮುಚ್ಚಳ ಬಿಗಿದ ಬಾಟಲಿಯಲ್ಲಿ ಬಿಸಿನೀರು ತುಂಬಿ ತೇಲಿಬಿಡಿ; ನೇರವಾಗಿ ಸುರಿಯಬಾರದು. ಕರೆಂಟ್ ಬಂದಾಗ, ಹೊರಗಿಡುವ ಮುಚ್ಚಿದ ಫಿಲ್ಟರಾದರೆ ಒಳಗೆ ಕೊಳೆತ ನೀರನ್ನು ಚೆಲ್ಲಿಯೇ ಚಾಲೂ ಮಾಡಿ.

ಪ್ರಶ್ನೆ: ಈ ಮೀನಿನ ಕರೆಂಟು ಕೈಗೆ ಹೊಡೆಯುವುದೇ? ಕೇಳಿಸಿಕೊಳ್ಳಬಹುದಂತೆ, ನಿಜವೇ?
– ವಿದ್ಯಾರ್ಥಿನಿ, ಸೋಮವಾರಪೇಟೆ

ಉತ್ತರ: ಹೊಡೆಯುವುದಿಲ್ಲಮ್ಮ, ಅದು ಕೈಗೆ ತಿಳಿಯದಷ್ಟು ಸಣ್ಣದು. ಕೇಳಲು ಎರಡು ಪೆನ್ಸಿಲ್ ಕಡ್ಡಿಗೆ ವೈರ್ ಸುತ್ತಿ, ಕಡ್ಡಿಯ ತುದಿ ಮಾತ್ರ ನೀರಿಗೆ ತಾಗುವಂತೆ ತೊಟ್ಟಿಯ ಎರಡು ಕೊನೆಯಲ್ಲಿ ಇಳಿಬಿಡು. ತಾಮ್ರ ನೀರಿಗೆ ಸೋಕಬಾರದು. ಇನ್ನೊಂದು ತುದಿಯನ್ನು ಬ್ಯಾಟರಿ ಸ್ಪೀಕರಿನ ಮೈಕ್ ತೂತಿಗೆ ಜೋಡಿಸು. ಗೋಡೆಯ ಕರೆಂಟಿನಿಂದ ನಡೆಯುವ, ಚಾರ್ಜಿಗೆ ಹಾಕಿದ ಯಾವುದನ್ನೂ ಬಳಸಬೇಡ. ಬ್ಲ್ಯಾಕ್ ಘೋಸ್ಟ್ ಸೆಕೆಂಡಿಗೆ ಸುಮಾರು ಸಾವಿರ ಸಲ ಮಿಡಿಯುವುದರಿಂದ ಎಡೆಬಿಡದ ಸಿಳ್ಳೆ ಕೇಳುತ್ತದೆ. ಎಲಿಫೆಂಟ್ ನೋಸ್ ಆದರೆ ಒಲೆಯಲ್ಲಿ ಹಸಿ ಸೌದೆ ಸಿಡಿದಂತೆ ಟಕ್, ಟಟಕ್. ಗುಂಯ್ ಎಂಬ ದಪ್ಪ ಸದ್ದು ಬಂದರೆ ಅದು ಮೀನಲ್ಲ, ಮನೆಯ 50 ಹರ್ಟ್ಸ್ ಕರೆಂಟು. ಹೀಟರ್, ಪಂಪಿನ ಪ್ಲಗ್ಗುಗಳನ್ನು ಕಿತ್ತು ಕೇಳು, ಮುಗಿದ ಮೇಲೆ ಮರೆಯದೆ ಹಾಕು.