ಬಾಟಲಿಯ ಬಿಳಿ ಜಿರಳೆಯೂ ಮೊಬೈಲ್ ಹೇಳಿದ ಉತ್ತರವೂ

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಎಂಟನೇ ತರಗತಿಯ ಮಕ್ಕಳು ಎರೆಹುಳು ಮತ್ತು ಜಿರಳೆಗಳನ್ನು ಹದಿನೈದು ದಿನ ಗಮನಿಸಿ, ಅಂತರ್ಜಾಲದಲ್ಲೂ ಹುಡುಕಿ ವರದಿ ಬರೆಯುತ್ತಿದ್ದಾರೆ. ಒಂದು ಬೆಳಿಗ್ಗೆ ಬಾಟಲಿಯಲ್ಲಿ ಹಾಲುಬಿಳುಪಿನ ಜಿರಳೆ ಕಂಡಿತು. ಅದು ‘ಆಲ್ಬಿನೋ’, ಅಂದರೆ ಹುಟ್ಟಿನಿಂದಲೇ ಬಣ್ಣವಿಲ್ಲದ್ದು ಎಂದು ಮೊಬೈಲ್‌ನಲ್ಲಿತ್ತು. ಎರೆಹುಳುವನ್ನು ತುಂಡರಿಸಿದರೆ ಎರಡು ಹುಳುಗಳಾಗುತ್ತವೆ, ಮಳೆಗಾಲದಲ್ಲಿ ಅದು ಉಸಿರುಗಟ್ಟಿ ಮೇಲೆ ಬರುತ್ತದೆ ಎಂದೂ ಓದಿದ್ದಾರೆ. ಯಾವುದನ್ನು ವರದಿಗೆ ಸೇರಿಸಬಹುದು?

ಉತ್ತರ: ಬಿಳಿ ಜಿರಳೆಯ ವಿಷಯದಲ್ಲಿ ಮಕ್ಕಳ ಕಣ್ಣೇ ಸರಿ, ಮೊಬೈಲ್ ಕೊಟ್ಟ ಹೆಸರು ತಪ್ಪು. ಜಿರಳೆ ಬೆಳೆಯುವಾಗ ತನ್ನ ಗಟ್ಟಿ ಹೊರಕವಚವನ್ನು ಹಲವು ಬಾರಿ ಕಳಚುತ್ತದೆ. ಕಳಚಿದ ಕೂಡಲೇ ಮೈ ಮೆತ್ತಗೆ, ಬಿಳಿಯಾಗಿರುತ್ತದೆ, ಕೆಲವು ಗಂಟೆಗಳಲ್ಲಿ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಮಧ್ಯಾಹ್ನ ಊಟದ ನಂತರ ಮತ್ತೊಮ್ಮೆ ಬಾಟಲಿ ನೋಡಿದ್ದರೆ ಆ ಜಿರಳೆ ಬಣ್ಣ ಬದಲಿಸುತ್ತಿರುವುದು ಕಣ್ಣಿಗೆ ಬೀಳುತ್ತಿತ್ತು. ಕಳಚಿದ ತೆಳ್ಳನೆಯ ಪೊರೆ ಬಾಟಲಿಯಲ್ಲಿ ಸಿಗದಿದ್ದರೆ ಗಾಬರಿ ಬೇಡ, ಅದನ್ನು ಅವು ತಿನ್ನುವುದೂ ಉಂಟು.

ತುಂಡಾದ ಎರೆಹುಳುವಿನ ಮಾತು ದೊಡ್ಡವರ ಬಾಯಲ್ಲೂ ಇದೆ. ತಲೆಯ ಕಡೆಯ ಭಾಗದಲ್ಲಿ ಸಾಕಷ್ಟು ಉಂಗುರಗಳು ಉಳಿದಿದ್ದರೆ ಕೆಲವು ಜಾತಿಗಳಲ್ಲಿ ಬಾಲ ಮತ್ತೆ ಬೆಳೆಯಬಹುದು; ಬಾಲದ ತುಂಡು ಸ್ವಲ್ಪ ಹೊತ್ತು ಹೊರಳಾಡಿ ಸಾಮಾನ್ಯವಾಗಿ ಸಾಯುತ್ತದೆ. ತುಂಡುಗಳಿಂದ ಹೊಸ ಜೀವಿಗಳಾಗುವುದು ಪ್ಲನೇರಿಯ ಎಂಬ ಚಪ್ಪಟೆ ಹುಳುವಿನಲ್ಲಿ. ‘ಹುಳು’ ಎಂಬ ಒಂದೇ ಪದದಿಂದಾಗಿ ಎರಡೂ ಕಲಸಿಹೋಗಿರಬಹುದು. ಇದನ್ನು ದಯವಿಟ್ಟು ತರಗತಿಯಲ್ಲಿ ಕೊಯ್ದು ಪರೀಕ್ಷಿಸಬೇಡಿ.

ಮಳೆಯ ಪ್ರಶ್ನೆ ನಿಜಕ್ಕೂ ಸ್ವಾರಸ್ಯದ್ದು, ಜೂನ್‌ನಲ್ಲಿ ತೋಟದ ದಾರಿಯಲ್ಲಿ ನಡೆದವರಿಗೆಲ್ಲ ಎದುರಾಗುವಂಥದ್ದು. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಒದ್ದೆ ಚರ್ಮದ ಮೂಲಕವೇ ಆಮ್ಲಜನಕ ಹೀರುತ್ತದೆ. ಆಮ್ಲಜನಕವಿರುವ ನೀರಿನಲ್ಲಿ ಅನೇಕ ಜಾತಿಗಳು ದಿನಗಟ್ಟಲೆ ಬದುಕಬಲ್ಲವಾದ್ದರಿಂದ ‘ಉಸಿರುಗಟ್ಟಿ’ ಎಂಬ ಒಂದೇ ಕಾರಣ ಸಾಲದು. ನೆಲ ಒದ್ದೆಯಿದ್ದಾಗ ಮೈ ಒಣಗುವ ಭಯವಿಲ್ಲದೆ ದೂರ ಹೋಗಬಹುದೆಂಬುದು ಇನ್ನೊಂದು ವಿವರಣೆ. ವರದಿಯಲ್ಲಿ ಎರಡನ್ನೂ ಬರೆಯಿಸಿ, ಮಳೆ ಜೋರಾಗಿದ್ದ ದಿನ ಮತ್ತು ಬರೀ ಜಿನುಗಿದ ದಿನ ದಾರಿಯ ಅದೇ ಹತ್ತು ಮಾರಿನಲ್ಲಿ ಎಷ್ಟು ಹುಳುಗಳಿದ್ದವೆಂದು ಎಣಿಸಲು ಹೇಳಿ. ಆ ಲೆಕ್ಕ ಯಾವ ಪುಟದಲ್ಲೂ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಮೊಬೈಲ್‌ನ ಚಿತ್ರಗಳಲ್ಲಿ ಹೆಚ್ಚಾಗಿ ಬರುವುದು ಪೆರಿಪ್ಲನೇಟ ಅಮೆರಿಕಾನ ಎಂಬ ಜಾತಿಯ ಜಿರಳೆ, ಹೆಸರಿನಲ್ಲಿ ಅಮೆರಿಕವಿದ್ದರೂ ಮೂಲತಃ ಆಫ್ರಿಕಾದ್ದು. ಜಗತ್ತಿನಲ್ಲಿ 4,000ಕ್ಕೂ ಹೆಚ್ಚು ಜಾತಿಯ ಜಿರಳೆಗಳಿದ್ದು, ಮನೆಗೆ ಕಾಟ ಕೊಡುವವು ಬೆರಳೆಣಿಕೆಯಷ್ಟು ಮಾತ್ರ. ಕಾಫಿ ಗಿಡದ ಬುಡದ ತರಗೆಲೆ ಕೆದಕಿದಾಗ ಓಡುವ ಜಿರಳೆ ಚಿತ್ರದಂತಿರಬೇಕೆಂದೇನೂ ಇಲ್ಲ. ಆದ್ದರಿಂದ ಎಲ್ಲಿ ಹಿಡಿದದ್ದು ಎಂಬುದನ್ನು ಮೊದಲು ಬರೆಯಲಿ, ಹುಡುಕಾಟ ಆಮೇಲೆ ಆಗಲಿ.

ಮಕ್ಕಳಿಗೆ ನಾನು ತಪ್ಪದೆ ಮಾಡಿಸುವ ಪ್ರಯೋಗವೊಂದಿದೆ. ದೊಡ್ಡ ಎರೆಹುಳುವನ್ನು ಒಣ ಕಾಗದದ ಮೇಲೆ ಅರೆ ನಿಮಿಷ ಬಿಟ್ಟು ಕಿವಿಯಿಟ್ಟರೆ ಸಣ್ಣಗೆ ಪರಪರ ಕೆರೆದ ಸದ್ದು ಕೇಳುತ್ತದೆ; ಅದರ ಹೊಟ್ಟೆಯಡಿಯ ಗಡಸು ಕೂದಲುಗಳು ಕಾಗದಕ್ಕೆ ಸಿಕ್ಕಿಕೊಳ್ಳುವ ಸದ್ದು ಅದು. ಡಾರ್ವಿನ್ 1881ರಲ್ಲಿ ಪ್ರಕಟಿಸಿದ ಎರೆಹುಳುಗಳ ಪುಸ್ತಕದಲ್ಲಿ, ಊದುವ ವಾದ್ಯಕ್ಕೆ ಕದಲದ ಹುಳುಗಳು ಕುಂಡವನ್ನು ಪಿಯಾನೋ ಮೇಲಿಟ್ಟು ನುಡಿಸಿದೊಡನೆ ಬಿಲ ಸೇರಿದವೆಂದು ದಾಖಲಿಸಿದ್ದರು. ಅಂದರೆ ಹುಳುಗಳಿಗೆ ತಿಳಿಯುವುದು ಗಾಳಿಯಲ್ಲಿ ಬರುವ ಸದ್ದಲ್ಲ, ಕಂಪನ. ಅದನ್ನು ನೋಡಲು ಪಿಯಾನೋ ಬೇಕಿಲ್ಲ, ಮೇಜು ತಟ್ಟಿದರೂ ಸಾಕು.

ಕೆಲಸ ಮುಗಿದ ಮೇಲೆ ಹುಳುವಿಗೆ ನೀರು ಚಿಮುಕಿಸಿ, ಬಿಸಿಲಿಲ್ಲದ ಹೊತ್ತಿನಲ್ಲಿ ಹಿಡಿದ ಜಾಗಕ್ಕೇ ಬಿಡಿಸಿ. ಜಿರಳೆ ಮುಟ್ಟಿದವರು ಸೋಪಿನಿಂದ ಕೈ ತೊಳೆಯಲಿ; ಬಾಟಲಿಯ ಬಾಯೊಳಗೆ ತೆಳುವಾಗಿ ವ್ಯಾಸಲೀನ್ ಸವರಿದರೆ ಅದು ಹತ್ತಿ ಹೊರಬರುವುದಿಲ್ಲ.