ಕೋಚ್ ಬದಲಾದರೆ ತಂಡ ಬದಲಾಗುತ್ತಾ?

ಪ್ರಶ್ನೆ: ನನ್ನ ಮಗ ಫೋನಿನಲ್ಲಿ ಅಮೆರಿಕದ ಐಸ್ ಹಾಕಿ ನೋಡುತ್ತಾನೆ. ಅವನ ತಂಡ ಸೋಲುತ್ತಿದೆ ಅಂತ ಸೀಸನ್ ನಡುವೆಯೇ ಕೋಚನ್ನು ಮನೆಗೆ ಕಳಿಸಿದರಂತೆ. ಸೋತವರು ಆಟಗಾರರು, ಶಿಕ್ಷೆ ಕೋಚಿಗೆ. ಸರೀನಾ ಸಾರ್?
– ಓದುಗರೊಬ್ಬರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ನನಗೂ ಸರಿ ಅನಿಸುವುದಿಲ್ಲ ಅಣ್ಣಾ. ಆದರೆ ಇಡೀ ತಂಡವನ್ನು ಒಂದೇ ಸಲ ಬದಲಿಸಲು ಆಗಲ್ಲ ಅಲ್ವಾ? ಆಟಗಾರರ ಒಪ್ಪಂದಗಳಿವೆ, ಸಂಬಳಕ್ಕೆ ಲೀಗಿನ ಮಿತಿ ಇದೆ. ಕೋಚನ್ನು ತೆಗೆಯೋದು ಸುಲಭ.

ಸೇಂಟ್ ಲೂಯಿಸ್ ಬ್ಲೂಸ್ ತಂಡವನ್ನೇ ನೋಡಿ. 2018ರ ನವೆಂಬರಿನಲ್ಲಿ ಕೋಚ್ ಮೈಕ್ ಯೋ ಅವರನ್ನು ತೆಗೆದು ಕ್ರೇಗ್ ಬರೂಬಿಗೆ ತಾತ್ಕಾಲಿಕವಾಗಿ ಜವಾಬ್ದಾರಿ ಕೊಟ್ಟರು. ತಕ್ಷಣ ಏನೂ ಸುಧಾರಿಸಲಿಲ್ಲ. ಡಿಸೆಂಬರಿನಲ್ಲಿ ಪ್ರಾಕ್ಟೀಸ್ ಮಾಡುವಾಗ ಬೊರ್ಟುಝೊ, ಸ್ಯಾನ್‌ಫೋರ್ಡ್ ಎಂಬ ತಮ್ಮದೇ ಹುಡುಗರು ಹೊಡೆದಾಡಿಕೊಂಡರು! ಜನವರಿ 3ರಂದು 31 ತಂಡಗಳಲ್ಲಿ ಕಟ್ಟಕಡೆಯ ಸ್ಥಾನ.

ಆಮೇಲೆ ಬಂದವನು ಜೋರ್ಡನ್ ಬಿನ್ನಿಂಗ್ಟನ್, ಕೆಳಗಿನ ಲೀಗಿನಿಂದ ಕರೆಸಿದ ಗೋಲ್‌ಕೀಪರ್. ಮೊದಲ ಸಲ ಶುರುವಿನಿಂದ ನಿಂತ ಪಂದ್ಯದಲ್ಲೇ ಒಂದು ಗೋಲೂ ಬಿಡಲಿಲ್ಲ. ತಂಡ ಸತತ 11 ಪಂದ್ಯ ಗೆದ್ದಿತು. ಜೂನ್ 12ರಂದು ಫೈನಲ್‌ನ ಕೊನೆಯ ಪಂದ್ಯದಲ್ಲಿ ಬಾಸ್ಟನ್ ತಂಡವನ್ನು 4-1 ಗೋಲುಗಳಿಂದ ಸೋಲಿಸಿ, ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್ ಎತ್ತಿತು. 1967ರಿಂದ ಆಡುತ್ತಿದ್ದ ತಂಡಕ್ಕೆ ಅದೇ ಮೊದಲ ಕಪ್. ನಾಲ್ಕನೇ ಗೋಲು ಹೊಡೆದವನು ಅದೇ ಸ್ಯಾನ್‌ಫೋರ್ಡ್.

ಬರೂಬಿಗೆ ಶ್ರೇಯ ಸಲ್ಲಲೇಬೇಕು. ಆದರೆ ನನಗೆ ಯೋ ಬಗ್ಗೆ ಜಾಸ್ತಿ ಮರುಕ. ಅವರ ಕಾಲದಲ್ಲಿ ಗೋಲಿನ ಮುಂದೆ ಬಿನ್ನಿಂಗ್ಟನ್ ಇರಲಿಲ್ಲ. ನಿಮ್ಮ ಮಗನಿಗೆ ಹೇಳಿ, ಹೊಸ ಕೋಚನ್ನು ಸುಮ್ನೆ ಬೈಯಬೇಡ, ಗೋಲ್‌ಕೀಪರ್ ಯಾರು ಅಂತ ಮೊದಲು ನೋಡು.