ಆಣೆ ಹಾಕಿ ಬಿಟ್ಟ ಮೂರನೇ ರಾತ್ರಿ

ಕುಡಿತ ಬಿಡಲು ನನ್ನ ಬಳಿ ಸಲಹೆಗೆ ಬಂದವರೊಬ್ಬರ ಕತೆ ಇದು; ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕಾರವಾರದ ಬೈತಖೋಲ ಬಂದರಿನಿಂದ ಬೋಟಿಗೆ ಹೋಗುವವರು, ವಯಸ್ಸು 42. ಮೊದಮೊದಲು ಮೈಕೈ ನೋವಿಗೆಂದು ರಾತ್ರಿ ಒಂದು ಕ್ವಾರ್ಟರ್; ಈಚೆಗೆ ಬೆಳಿಗ್ಗೆ ಎದ್ದ ಕೂಡಲೇ ಬೇಕು. "ಚಾ ಕೊಟ್ರೆ ಕಪ್ಪು ಬಶಿ ಕಟಕಟ ಅಂತದೆ ಮೇಡಂ, ಒಂದು ಗುಟುಕು ಹೊಟ್ಟೆಗೆ ಬಿದ್ದ ಮೇಲೇ ಕೈ ನಿಲ್ಲೋದು" ಎಂದರು ಹೆಂಡತಿ.

ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಯಿತು. 61 ದಿನ ಬೋಟು ದಡದಲ್ಲೇ. ಅದೇ ಒಳ್ಳೆ ಸಮಯವೆಂದು ದೇವರ ಮುಂದೆ ಕಾಯಿ ಇಟ್ಟು ಆಣೆ ಮಾಡಿ, ಒಮ್ಮೆಗೇ ಬಿಟ್ಟುಬಿಟ್ಟರು. ಎರಡನೇ ರಾತ್ರಿ ನಿದ್ದೆಯಿಲ್ಲ, ಮೈಯೆಲ್ಲ ಬೆವರು. ಮೂರನೇ ರಾತ್ರಿ ಗೋಡೆಯ ಮೇಲೆ ಏಡಿ ಹರಿದಾಡುತ್ತಿವೆ ಎಂದು ಕೂಗಾಟ. ಆಮೇಲೆ ಹೊದಿಕೆಯ ಅಂಚು ಹಿಡಿದು, ಹರಿದ ಬಲೆ ಸರಿಮಾಡುವವರಂತೆ ಬೆರಳಲ್ಲಿ ಗಂಟು ಹಾಕುತ್ತ ಕುಳಿತರಂತೆ. ಗಾಳಿ ಸೋಕಿದೆ ಎಂದು ಅವರ ತಾಯಿ ನಿಂಬೆಹಣ್ಣು ನಿವಾಳಿಸಿದರು. ಪಕ್ಕದ ಮನೆಯ ಹುಡುಗ ರಿಕ್ಷಾ ತಂದು ಆಸ್ಪತ್ರೆಗೆ ಸೇರಿಸಿದ. ಅವನಿಗೆ ನಾನು ಇಂದಿಗೂ ಋಣಿ.

ಅದು ಗಾಳಿಯಲ್ಲ, ಡಿಲೀರಿಯಂ ಟ್ರೆಮೆನ್ಸ್. ಮದ್ಯ ವರ್ಷಗಟ್ಟಲೆ ಮಿದುಳನ್ನು ಮಂಕು ಮಾಡುತ್ತಿದ್ದರೆ, ಮಿದುಳು ತನ್ನ ಚುರುಕನ್ನು ಅಷ್ಟೇ ಏರಿಸಿಕೊಂಡು ಸರಿದೂಗಿಸುತ್ತಿರುತ್ತದೆ. ಮದ್ಯ ತಟ್ಟನೆ ನಿಂತರೆ ಆ ಚುರುಕಿಗೆ ಕಡಿವಾಣ ಇರುವುದಿಲ್ಲ. ನಡುಕ 6ರಿಂದ 12 ಗಂಟೆಯೊಳಗೆ ಕಾಣಿಸುತ್ತದೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಈ ಭ್ರಮೆ, ಗೊಂದಲ ಎರಡರಿಂದ ನಾಲ್ಕನೇ ದಿನದೊಳಗೆ. ಚಿಕಿತ್ಸೆ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಮಿದುಳನ್ನು ಶಾಂತಗೊಳಿಸುವ ಔಷಧಿ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ. ಜೊತೆಗೆ ಬಿ1 ವಿಟಮಿನ್, ಅಂದರೆ ಥಯಮಿನ್. ಕುಡಿಯುವವರ ದೇಹದಲ್ಲಿ ಅದು ಬರಿದಾಗಿರುತ್ತದೆ, ಕೊಡದಿದ್ದರೆ ನೆನಪಿನ ಶಕ್ತಿಗೇ ಪೆಟ್ಟು.

ಹೆಂಡತಿ ನನ್ನ ಬಳಿ ಬಂದದ್ದು ಡಿಸ್ಚಾರ್ಜ್ ಆದ ಮೇಲೆ. ಸೆರಗಿನ ಗಂಟಿನಲ್ಲಿ ಒಂದು ಪುಡಿಯ ಪೊಟ್ಟಣ. ಗೊತ್ತಾಗದ ಹಾಗೆ ಸಾರಿಗೆ ಹಾಕಿದರೆ ಕುಡಿತ ತಾನಾಗಿ ಬಿಡುತ್ತದೆ ಎಂದು ಯಾರೋ ಮಾರಿದ್ದರು. ಹಾಕಬೇಡಿ ಎಂದು ಕೈಮುಗಿದು ಹೇಳಿದೆ. ಇಂಥ ಪುಡಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು? ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಎಂಬ ಔಷಧಿ ಇದ್ದು, ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಆ ಮಾತ್ರೆಯನ್ನು ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಕೊಡುತ್ತಾರೆ.

ಇಬ್ಬರನ್ನೂ ಕೂರಿಸಿ ಮಾತಾಡಿದೆ. ಚಟವನ್ನು ಕೆಟ್ಟತನವೆಂದು ಹಳಿದರೆ ಅವರು ಕದ್ದು ಕುಡಿಯುತ್ತಾರೆ; ಕಾಯಿಲೆಯೆಂದು ತಿಳಿದರೆ ಔಷಧಿಗೆ ಬರುತ್ತಾರೆ. ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಬಾಟಲಿ ಅಗ್ಗ. ತಂದುಕೊಡುವ ಗೆಳೆಯರಿಗೆ ಏನು ಹೇಳಬೇಕೆಂದು ಮೊದಲೇ ಮಾತು ಹೊಂದಿಸಿಕೊಂಡೆವು. ಬೋಟಿನ ಪಾಲಿನ ಹಣ ಹೆಂಡತಿಯ ಖಾತೆಗೆ ಹೋಗಲಿ ಎಂದದ್ದು ಗಂಡನೇ. ಮತ್ತೆ ಕುಡಿದುಬಿಟ್ಟರೆ ಎಲ್ಲ ಮುಗಿಯಿತೆಂದು ಕೂರದೆ ಮಾರನೇ ದಿನವೇ ಬನ್ನಿ ಎಂದೆ. ಮನಸ್ಸು ಕುಸಿದಾಗ ಟೆಲಿ ಮನಸ್ ಸಹಾಯವಾಣಿ 14416, ವ್ಯಸನಕ್ಕೆ 14446 ಎಂದು ಕ್ಯಾಲೆಂಡರಿನ ಮೇಲೆ ಬರೆಸಿದೆ.

ಆಗಸ್ಟ್‌ನಲ್ಲಿ ಬೋಟು ನೀರಿಗಿಳಿಯಿತು. ಚೌತಿಯ ರಾತ್ರಿ ಕುಡಿದರು. ಮರುದಿನ ನಾನು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದರು.